ಕುದುರೆಗೆ ಎದುರಾಗಿ ಓಡುವ ಊರು, ಎರೆಹುಳು ಎಬ್ಬಿಸುವ ಊರು

ವೇಲ್ಸ್‌ನ ಲಾನೂರ್ಟಿಡ್ ವೆಲ್ಸ್ ಎಂಬ ಊರಿಗೆ ಹೋಗುವ ದಾರಿಯ ಹಲವು ನಿಲ್ದಾಣಗಳಲ್ಲಿ ಕೈ ತೋರಿಸಿದರೆ ಮಾತ್ರ ರೈಲು ನಿಲ್ಲುತ್ತದೆ. ಅಲ್ಲಿ ಇಳಿಯಬೇಕಾದವರು ಗಾರ್ಡ್‌ಗೆ ಮೊದಲೇ ಹೇಳಿರಬೇಕು. ಇಂಗ್ಲೆಂಡಿನ ಶ್ರೂಸ್‌ಬರಿಯಿಂದ ವೇಲ್ಸ್‌ನ ಸ್ವಾನ್ಸಿವರೆಗೆ ಸಾಗುವ ಈ ಮಾರ್ಗಕ್ಕೆ ‘ಹಾರ್ಟ್ ಆಫ್ ವೇಲ್ಸ್’ ಎಂದು ಹೆಸರು. ದಿನಕ್ಕೆ ಓಡುವ ಗಾಡಿಗಳು ಬೆರಳೆಣಿಕೆಯಷ್ಟು. ನಕ್ಲಸ್ ಎಂಬಲ್ಲಿ 13 ಕಮಾನುಗಳ ಕಲ್ಲಿನ ಸೇತುವೆ ಸಿಗುತ್ತದೆ. ಅದರ ಎರಡೂ ತುದಿಗೆ ಕೋಟೆಯ ಬುರುಜುಗಳನ್ನು ಕಟ್ಟಿದ್ದಾರೆ. ಅಲ್ಲಿಂದ ಮುಂದೆ ಕುರಿಗಳು, ಬೇಲಿಗಳು, ಮತ್ತೆ ಕುರಿಗಳು. ಜೂನ್ ತಿಂಗಳ ಬೆಳಕು ರಾತ್ರಿ ಒಂಬತ್ತೂವರೆಯಾದರೂ ಆರುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಕ್ಕನ ಮನೆಗೆ ಬೇಸಿಗೆಯಲ್ಲಿ ಹೋಗಿದ್ದ ನಾನು, ಅಕ್ಕನ ಮಗನನ್ನು ಕರೆದುಕೊಂಡು ಈ ಗಾಡಿ ಹತ್ತಿದ್ದೆ. ಮನುಷ್ಯರು ಕುದುರೆಗಳಿಗೆ ಎದುರಾಗಿ ಓಡುವ ಪಂದ್ಯವನ್ನು ನೋಡಬೇಕೆಂಬ ಆಸೆ ನನ್ನಲ್ಲಿ ಬಹಳ ಕಾಲದಿಂದ ಇತ್ತು.

ಊರು ಚಿಕ್ಕದು. ಬ್ರಿಟನ್ನಿನ ಅತಿ ಚಿಕ್ಕ ಪಟ್ಟಣ ತಮ್ಮದೇ ಎಂದು ಊರಿನವರು ಹೇಳಿಕೊಳ್ಳುತ್ತಾರೆ. ಜನಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ. ನಡುವೆ ಇರ್ವನ್ ಹೊಳೆ, ಅದರ ಮೇಲೊಂದು ಸೇತುವೆ, ಒಂದು ಚೌಕ, ಸುತ್ತ ಕೇಂಬ್ರಿಯನ್ ಬೆಟ್ಟಗಳು. ಹೆಸರಿನ ಕೊನೆಯ ‘ವೆಲ್ಸ್’ ಬಂದದ್ದು ಇಲ್ಲಿನ ಗಂಧಕದ ಚಿಲುಮೆಗಳಿಂದ. 1732ರಲ್ಲಿ ಕಾಯಿಲೆಯಿಂದ ಬಳಲುತ್ತಿದ್ದ ಥಿಯೋಫಿಲಸ್ ಇವಾನ್ಸ್ ಎಂಬ ಪಾದ್ರಿ ಈ ದುರ್ವಾಸನೆಯ ನೀರಿನಿಂದ ಗಟ್ಟಿಮುಟ್ಟಾದ ಕಪ್ಪೆಯೊಂದು ಹೊರಬಂದದ್ದನ್ನು ಕಂಡು, ಧೈರ್ಯ ಮಾಡಿ ತಾನೂ ಕುಡಿದು ಗುಣವಾದನೆಂಬ ಕಥೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದ ಮೇಲೆ ಆ ನೀರನ್ನು ಹುಡುಕಿಕೊಂಡು ಜನ ಬಂದರು, ವಸತಿಗೃಹಗಳು ಎದ್ದವು. ಕಾಲ ಬದಲಾಯಿತು, ಔಷಧಿಗಳು ಬದಲಾದವು, ನೀರು ಕುಡಿಯಲು ಬರುವವರು ಇಲ್ಲವಾದರು. ಇಂಥ ಊರಿಗೆ ಮತ್ತೆ ಜನರನ್ನು ಕರೆತರುವುದು ಹೇಗೆ ಎಂಬ ಚಿಂತೆಯಿಂದಲೇ ನಾವು ನೋಡಲು ಹೋದ ಹಬ್ಬ ಹುಟ್ಟಿತು.

ಚೌಕದಲ್ಲೇ ಇರುವ ನೈಯದ್ ಆರ್ಮ್ಸ್ ಎಂಬ ಪಬ್ಬಿನ ಮಾಲೀಕ ಗಾರ್ಡನ್ ಗ್ರೀನ್ ಅವರ ಕಿವಿಗೆ ಒಂದು ದಿನ ಇಬ್ಬರ ವಾದ ಬಿತ್ತು. ಗುಡ್ಡಗಾಡಿನ ದೂರದ ಓಟದಲ್ಲಿ ಮನುಷ್ಯ ಕುದುರೆಗೆ ಸರಿಸಾಟಿಯಾಗಬಲ್ಲ ಎಂದು ಒಬ್ಬನ ವಾದ, ಸಾಧ್ಯವೇ ಇಲ್ಲ ಎಂದು ಇನ್ನೊಬ್ಬನದು. ಪಬ್ಬಿನ ಮಾತುಗಳು ಸಾಮಾನ್ಯವಾಗಿ ಲೋಟ ಬರಿದಾಗುವುದರೊಳಗೆ ಮರೆತುಹೋಗುತ್ತವೆ. ಗ್ರೀನ್ ಮರೆಯಲಿಲ್ಲ. ಓಡಿಸಿಯೇ ನೋಡೋಣ ಎಂದರು. 1980ರಲ್ಲಿ ಮೊದಲ ಪಂದ್ಯ ನಡೆಯಿತು. ಕುದುರೆಗಳು ಸುಲಭವಾಗಿ ಗೆದ್ದವು. 1982ರಲ್ಲಿ ದಾರಿಯನ್ನು ಬದಲಿಸಿ, ಇಬ್ಬರಿಗೂ ಸಮನಾಗುವಂತೆ ಏರು, ಇಳಿಜಾರು, ಕಾಡುದಾರಿಗಳನ್ನು ಹೊಂದಿಸಿದರು.

ದಾರಿ ಸುಮಾರು 35 ಕಿಲೋಮೀಟರ್. ಓಟಗಾರರು ಮೊದಲು ಹೊರಡುತ್ತಾರೆ, 15 ನಿಮಿಷ ಕಳೆದ ಮೇಲೆ ಸವಾರರನ್ನು ಹೊತ್ತ ಕುದುರೆಗಳು. ಕೊನೆಯಲ್ಲಿ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಹಾಗಾಗಿ ಮೊದಲು ಬಂದವನೇ ಗೆದ್ದವನಲ್ಲ. ಕರಾವಳಿಯ ಕಂಬಳದಲ್ಲಿ ಓಟಗಾರ ಕೋಣಗಳ ಹಿಂದೆ, ಅವುಗಳ ವೇಗವನ್ನೇ ನಂಬಿ ಓಡುತ್ತಾನೆ. ಇಲ್ಲಿ ಪ್ರಾಣಿಯೇ ಎದುರಾಳಿ, ಆದರೂ ಓಟಗಾರನಿಗೆ ಅದರ ಗೊರಸಿನ ಸದ್ದು ಕೇಳುವುದು ಅರ್ಧ ದಾರಿ ಕಳೆದ ಮೇಲೆಯೇ. ನಾವು ನಿಂತದ್ದು ಒಂದು ಇಳಿಜಾರಿನ ಕೆಳಗೆ, ತೊರೆ ದಾಟುವ ಜಾಗದಲ್ಲಿ. ಮೊದಲಿಗೆ ಓಟಗಾರರ ಗುಂಪು ಕೆಸರು ಮೆತ್ತಿಕೊಂಡು ಬಂತು. ನೀರಿಗಿಳಿದವರ ಮುಖದಲ್ಲಿ ತಂಪಿನ ಸಂತೋಷ ಕಾಣುತ್ತಿತ್ತು. ಆಮೇಲೆ ಯಾರೋ “ಕುದುರೆ!” ಎಂದು ಕೂಗಿದರು. ಓಟಗಾರರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮೇಲಿನಿಂದ ಇಳಿಯುತ್ತಿದ್ದ ಕುದುರೆ ಒಂದೊಂದೇ ಹೆಜ್ಜೆಯನ್ನು ಅಳೆದು ಇಡುತ್ತಿತ್ತು, ತೊರೆ ದಾಟಿದ್ದೇ ತಡ ಸಮತಟ್ಟಿನಲ್ಲಿ ಹಾರಿದಂತೆ ಹೋಯಿತು.

“ಮಾಮ, ಇಳಿಜಾರಿನಲ್ಲಿ ಮನುಷ್ಯರೇ ಮುಂದೆ ಇದ್ದಾರೆ, ನೋಡಿದಿರಾ?” ಎಂದ ಅಳಿಯ. ಅವನು ಗುರುತಿಸಿದ್ದು ಈ ಪಂದ್ಯದ ತಿರುಳನ್ನೇ. ಸಮನೆಲದಲ್ಲಿ ಕುದುರೆಯನ್ನು ಮೀರಿಸಲು ಆಗುವುದಿಲ್ಲ. ಕಡಿದಾದ, ಕಲ್ಲು ತುಂಬಿದ ಇಳಿಜಾರಿನಲ್ಲಿ ಕುದುರೆ ತನ್ನ ಮೈಭಾರವನ್ನೂ ಸವಾರನ ಭಾರವನ್ನೂ ಕಾಯಬೇಕು. ಬಿಸಿಲು ಏರಿದ ದಿನ ಮನುಷ್ಯನಿಗೆ ಅನುಕೂಲ ಇನ್ನೂ ಹೆಚ್ಚು, ಏಕೆಂದರೆ ಬೆವರಿ ಮೈಯನ್ನು ತಣ್ಣಗಿಟ್ಟುಕೊಳ್ಳುವುದರಲ್ಲಿ ಮನುಷ್ಯನ ಚರ್ಮಕ್ಕೆ ಸಮಾನವಾದದ್ದು ಕಡಿಮೆ. ಇಷ್ಟಿದ್ದರೂ ಮನುಷ್ಯ ಗೆಲ್ಲುವುದಕ್ಕೆ 2004ರವರೆಗೆ ಕಾಯಬೇಕಾಯಿತು. ಆ ವರ್ಷ ಹ್ಯೂ ಲಾಬ್ 2 ಗಂಟೆ 5 ನಿಮಿಷ 19 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಪ್ರತಿ ವರ್ಷ ಸಾವಿರ ಪೌಂಡ್‌ನಂತೆ ಬೆಳೆಯುತ್ತಾ ಬಂದಿದ್ದ ಬಹುಮಾನ ಆ ವೇಳೆಗೆ 25,000 ಪೌಂಡ್ ಆಗಿತ್ತು. ಮೂರು ವರ್ಷಗಳ ನಂತರ ಜರ್ಮನಿಯ ಫ್ಲೋರಿಯಾನ್ ಹೋಲ್ಟ್ಸಿಂಗರ್ ಗೆದ್ದರು. ಅದಾದ ಮೇಲೆ ಮತ್ತೆ ದೀರ್ಘಕಾಲ ಕುದುರೆಗಳದೇ ರಾಜ್ಯ, 2022ರಲ್ಲಿ ರಿಕಿ ಲೈಟ್‌ಫುಟ್ ಬರುವವರೆಗೆ. ನಾವು ನೋಡಿದ ವರ್ಷ ಗೆದ್ದದ್ದು ಕುದುರೆ.

ನನ್ನ ಮನಸ್ಸು ಗೆಲುವಿಗಿಂತ ಬೇರೆ ಕಡೆ ನೆಟ್ಟಿತು. ಪಶುವೈದ್ಯರು ದಾರಿಯ ನಡುವೆಯೂ ಕುದುರೆಗಳನ್ನು ನಿಲ್ಲಿಸಿ, ಎದೆಬಡಿತ ನೋಡಿ, ಕಾಲುಗಳನ್ನು ತಡವಿ, ಸರಿಯಿದ್ದರೆ ಮಾತ್ರ ಮುಂದೆ ಬಿಡುತ್ತಾರೆ. ಎಷ್ಟೇ ಮುಂದಿದ್ದರೂ ಬಳಲಿದ ಕುದುರೆಗೆ ಪಂದ್ಯ ಅಲ್ಲಿಗೇ ಮುಗಿಯಿತು. ಸವಾರರು ಅದಕ್ಕೆ ಎದುರಾಡುವುದಿಲ್ಲ. ಪಬ್ಬಿನಲ್ಲಿ ಹುಟ್ಟಿದ ಒಂದು ಹುಚ್ಚು ಪಂದ್ಯ ಇಷ್ಟು ವರ್ಷ ಬಾಳಿರುವುದಕ್ಕೆ ಈ ನಿಷ್ಠುರತೆಯೇ ಕಾರಣವೆಂದು ನಾನು ನಂಬುತ್ತೇನೆ. ಪ್ರಾಣಿಯನ್ನು ಕಡೆಗಣಿಸಿ ನಡೆಯುವ ಯಾವ ಉತ್ಸವವನ್ನೂ ನೋಡಲು ನಾನು ಹಣ ಖರ್ಚು ಮಾಡುವುದಿಲ್ಲ. ಇದಕ್ಕೆ ಮಾತ್ರ ಮತ್ತೆ ಮತ್ತೆ ಹೋದೇನು.

ಮರುದಿನ ಊರಿನ ಹೊರಗಿನ ವೈನ್ ರೀದ್ ಜೌಗಿನ ಕಡೆಗೆ ನಡೆದೆವು. ಆಗಸ್ಟ್ ಕೊನೆಯ ಬ್ಯಾಂಕ್ ರಜೆಯ ಹೊತ್ತಿಗೆ ಲಾನೂರ್ಟಿಡ್ ಮತ್ತೊಮ್ಮೆ ತುಂಬಿ ತುಳುಕುವುದು ಇಲ್ಲಿ ನಡೆಯುವ ಜೌಗು ಈಜಿನಿಂದ. 1985ರಿಂದ ವಿಶ್ವ ಸ್ಪರ್ಧೆ ನಡೆಯುತ್ತಿದೆ, ಇದರ ಹಿಂದೆಯೂ ಅದೇ ಗಾರ್ಡನ್ ಗ್ರೀನ್. ಗಿಡಗಂಟಿ ಕೊಳೆತು ಆದ ಕಪ್ಪು ಮಣ್ಣಿನಲ್ಲಿ ಸುಮಾರು 55 ಮೀಟರ್ ಉದ್ದದ ಕಾಲುವೆ ತೋಡಿದ್ದಾರೆ. ಉಸಿರಾಟದ ಕೊಳವೆ ಕಚ್ಚಿಕೊಂಡು, ಕಾಲಿಗೆ ರಬ್ಬರಿನ ಈಜುರೆಕ್ಕೆ ಕಟ್ಟಿಕೊಂಡು ಅದರಲ್ಲಿ ಹೋಗಿ ಬರಬೇಕು. ಕೈ ಬೀಸಿ ಈಜುವಂತಿಲ್ಲ, ಕಾಲಿನ ಬಲವೇ ಬಲ. ಕಣ್ಣಿಗೆ ಏನೂ ಕಾಣದ ಆ ನೀರಿನಲ್ಲಿ 2018ರಲ್ಲಿ ನೀಲ್ ರಟರ್ 1 ನಿಮಿಷ 18.81 ಸೆಕೆಂಡುಗಳಲ್ಲಿ ಹೋಗಿ ಬಂದು ದಾಖಲೆ ಮಾಡಿದರು. ಜೂನ್‌ನಲ್ಲಿ ಅಲ್ಲಿ ಯಾರೂ ಇರಲಿಲ್ಲ. ಬಾಗಿ ಕೈಯದ್ದಿದೆ: ಬೇಸಿಗೆಯಲ್ಲೂ ಬೆರಳು ಮರಗಟ್ಟುವ ತಣ್ಣೀರು.

ಬ್ರಿಟನ್ನಿನ ವಿಚಿತ್ರ ಹಬ್ಬಗಳೆಂದರೆ ಎಲ್ಲರೂ ಮೊದಲು ಹೆಸರಿಸುವುದು ಗ್ಲಾಸ್ಟರ್ ಬಳಿಯ ಕೂಪರ್ಸ್ ಹಿಲ್‌ನ ಚೀಸ್ ಉರುಳಿಸುವ ಓಟವನ್ನು. ಮೇ ತಿಂಗಳ ಕೊನೆಯ ಸೋಮವಾರ, ಸುಮಾರು 180 ಮೀಟರ್ ಉದ್ದದ ಕಡಿದಾದ ಗುಡ್ಡದ ಮೇಲಿನಿಂದ ಡಬಲ್ ಗ್ಲಾಸ್ಟರ್ ಚೀಸಿನ ಚಕ್ರವನ್ನು ಉರುಳಿಬಿಡುತ್ತಾರೆ, ಅದರ ಹಿಂದೆ ಜನ ಬೀಳುತ್ತಾ ಏಳುತ್ತಾ ಧಾವಿಸುತ್ತಾರೆ. 1826ರಲ್ಲೇ ಇದರ ಲಿಖಿತ ಉಲ್ಲೇಖವಿದೆ. ಎರಡನೆಯ ಮಹಾಯುದ್ಧದ ಪಡಿತರದ ದಿನಗಳಲ್ಲಿ ಮರದ ಚಕ್ರ ಮಾಡಿ, ಅದರೊಳಗೆ ಚೂರು ಚೀಸ್ ಇಟ್ಟು ಸಂಪ್ರದಾಯ ಉಳಿಸಿದರಂತೆ, ಆ ಹಟ ನನಗೆ ತುಂಬ ಹಿಡಿಸುತ್ತದೆ. ಆದರೆ ಕಾಲು ಕೈ ಮುರಿದುಕೊಂಡವರನ್ನು ಆಂಬುಲೆನ್ಸಿಗೆ ಏರಿಸುವುದನ್ನು ನಿಂತು ನೋಡುವ ಮನಸ್ಸು ನನಗಿಲ್ಲ. ಅದರ ಬದಲು ಎರೆಹುಳುಗಳ ಊರನ್ನು ಆರಿಸಿಕೊಂಡೆ.

ವಿಲಾಸ್ಟನ್ ಇರುವುದು ಚೆಷರ್ ಕೌಂಟಿಯಲ್ಲಿ, ನ್ಯಾಂಟ್‌ವಿಚ್ ಪಟ್ಟಣದ ಪಕ್ಕ. ಶ್ರೂಸ್‌ಬರಿಯಿಂದ ಕ್ರೂ ಕಡೆಗೆ ಹೋಗುವ ರೈಲು ನ್ಯಾಂಟ್‌ವಿಚ್‌ನಲ್ಲಿ ನಿಲ್ಲುತ್ತದೆ. ಇಲ್ಲಿನ ಪ್ರಾಥಮಿಕ ಶಾಲೆಯ ಮೈದಾನದಲ್ಲಿ ಎರೆಹುಳು ಎಬ್ಬಿಸುವ ಸ್ಪರ್ಧೆ ಶುರುವಾದದ್ದೂ 1980ರಲ್ಲೇ, ಲಾನೂರ್ಟಿಡ್‌ನ ಕುದುರೆಗಳು ಮೊದಲ ಸಲ ಓಡಿದ ವರ್ಷ. ಶಾಲೆಯ ಉಪಮುಖ್ಯೋಪಾಧ್ಯಾಯ ಜಾನ್ ಬೈಲಿ ಅವರ ಯೋಜನೆ ಅದು. ಆ ಜುಲೈ 5ರಂದು ಟಾಮ್ ಷಫಲ್‌ಬಾಟಮ್ ಎಂಬ ಸ್ಥಳೀಯ ಯುವಕ ಅರ್ಧ ಗಂಟೆಯಲ್ಲಿ 511 ಹುಳುಗಳನ್ನು ಮೇಲೆಬ್ಬಿಸಿದ. ಎಲ್ಲರೂ ಬೆರಗಾದರು, ಹಬ್ಬ ಅಲ್ಲೇ ನೆಲೆಯೂರಿತು.

ನಿಯಮಗಳನ್ನು ಓದಿದಾಗ ಈ ಜನರ ಮೇಲೆ ಪ್ರೀತಿ ಹುಟ್ಟುತ್ತದೆ. ಪ್ರತಿ ತಂಡಕ್ಕೆ 3 ಮೀಟರ್ ಉದ್ದ, 3 ಮೀಟರ್ ಅಗಲದ ಹುಲ್ಲುನೆಲ, 30 ನಿಮಿಷ ಸಮಯ. ಅಗೆಯುವಂತಿಲ್ಲ. ಔಷಧಿ ಹಾಕುವಂತಿಲ್ಲ, ನೀರು ಕೂಡ ಔಷಧಿಯೇ ಎಂದು ಲೆಕ್ಕ. ಹುಳು ಮುಟ್ಟಲು ಹಿಂಜರಿಯುವವರು ಎತ್ತಿಕೊಳ್ಳಲು ಒಬ್ಬ ಸಹಾಯಕನನ್ನು ಇಟ್ಟುಕೊಳ್ಳಬಹುದು. ಅತಿ ಭಾರದ ಹುಳುವಿಗೆ ಬೇರೆಯೇ ಬಹುಮಾನ. ಹೆಚ್ಚಿನವರು ನಾಲ್ಕು ಹಲ್ಲಿನ ಕಬ್ಬಿಣದ ಫೋರ್ಕನ್ನು ನೆಲಕ್ಕೆ ನೆಟ್ಟು ಅದರ ಹಿಡಿಯನ್ನು ಕಂಪಿಸುವಂತೆ ಅಲುಗಿಸುತ್ತಾರೆ. ಕೆಲವರು ಕೊಳಲು ಊದುತ್ತಾರೆ, ಕೆಲವರು ಕುಣಿಯುತ್ತಾರೆ. ನಮ್ಮ ಎದುರಿನ ಚೌಕದಲ್ಲಿ ಅಜ್ಜಿ ಮತ್ತು ಮೊಮ್ಮಗ ಇದ್ದರು. ಅಜ್ಜಿ ಫೋರ್ಕ್ ಅಲುಗಿಸುತ್ತಿದ್ದಳು, ಹುಡುಗ ಹುಲ್ಲಿಗೆ ಮುಖ ಅಂಟಿಸಿ ಕಾಯುತ್ತಿದ್ದ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಗುಲಾಬಿ ಬಣ್ಣದ ತುದಿಯೊಂದು ಹುಲ್ಲಿನ ಬುಡದಿಂದ ಇಣುಕಿತು. ಹುಡುಗ ಅದನ್ನು ಎಳೆಯಲಿಲ್ಲ. ಪೂರ್ತಿ ಹೊರಬರುವವರೆಗೆ ಕಾದು, ಎರಡೂ ಕೈಗಳಲ್ಲಿ ಎತ್ತಿ ಒದ್ದೆ ಮಣ್ಣಿನ ಡಬ್ಬಿಗೆ ಇಳಿಸಿದ.

ಹುಳು ಯಾಕೆ ಮೇಲೆ ಬರುತ್ತದೆ? 1881ರಲ್ಲಿ ಎರೆಹುಳುಗಳ ಬಗೆಗೇ ಪುಸ್ತಕ ಬರೆದ ಚಾರ್ಲ್ಸ್ ಡಾರ್ವಿನ್ ಅದರಲ್ಲಿ ಇದನ್ನೂ ಚರ್ಚಿಸಿದ್ದಾನೆ: ನೆಲ ಕಂಪಿಸಿದರೆ ಮೋಲ್ ಎಂಬ, ಬಿಲ ಕೊರೆದು ಹುಳು ತಿನ್ನುವ ಪ್ರಾಣಿ ಬಂತೆಂದು ಹುಳುಗಳು ತಪ್ಪಿಸಿಕೊಳ್ಳುತ್ತವೆ. 2008ರಲ್ಲಿ ಅಮೆರಿಕದ ವಿಜ್ಞಾನಿ ಕೆನೆತ್ ಕಟಾನಿಯಾ ಫ್ಲಾರಿಡಾದ ಕಾಡಿನಲ್ಲಿ ಪ್ರಯೋಗ ಮಾಡಿ, ಮೋಲ್ ಹತ್ತಿರ ಬಂದಾಗ ಹುಳುಗಳು ನಿಜಕ್ಕೂ ಮೇಲಕ್ಕೆ ಧಾವಿಸುತ್ತವೆ ಎಂದು ತೋರಿಸಿದರು. ನೆಲದೊಳಗೆ ಉಳಿದರೆ ಮೋಲ್‌ನ ಬಾಯಿ, ಮೇಲೆ ಬಂದರೆ ಹಕ್ಕಿಯ ಬಾಯಿ. ಅದಕ್ಕೇ ವಿಲಾಸ್ಟನ್‌ನ ಇನ್ನೊಂದು ನಿಯಮ: ಹಿಡಿದ ಹುಳುಗಳನ್ನು ಹಕ್ಕಿಗಳು ಗೂಡು ಸೇರಿದ ಮೇಲೆ, ಸಂಜೆಗೇ ನೆಲಕ್ಕೆ ಬಿಡಬೇಕು. ಟಾಮ್‌ನ ದಾಖಲೆಯನ್ನು ಮುರಿಯಲು ಸುಮಾರು ಮೂರು ದಶಕ ಹಿಡಿಯಿತು. 2009ರಲ್ಲಿ 10 ವರ್ಷದ ಬಾಲಕಿಯೊಬ್ಬಳು 567 ಹುಳುಗಳನ್ನು ಎಬ್ಬಿಸಿದಳು.

ಹೋಗಬಯಸುವವರಿಗೆ ಕೆಲವು ಮಾತು. ಕುದುರೆ ಓಟ ಜೂನ್‌ನ ಒಂದು ಶನಿವಾರ ನಡೆಯುತ್ತದೆ, ಎರೆಹುಳು ಸ್ಪರ್ಧೆ ಜೂನ್ ಕೊನೆ ಅಥವಾ ಜುಲೈ ಮೊದಲಿನಲ್ಲಿ. ಎರಡನ್ನೂ ಒಂದೇ ಬೇಸಿಗೆಯಲ್ಲಿ ನೋಡಬಹುದು. ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಿ. ಲಾನೂರ್ಟಿಡ್‌ನಲ್ಲಿ ಕೊಠಡಿಗಳು ಕಡಿಮೆ, ತಿಂಗಳುಗಟ್ಟಲೆ ಮುಂಚೆ ಹಿಡಿದಿಡಬೇಕು. ಸಿಗದಿದ್ದರೆ ಅದೇ ರೈಲಿನ ಲಾಂಡ್ರಿಂಡಾಡ್‌ನಲ್ಲಿ ಪ್ರಯತ್ನಿಸಿ. ನೀರಿಳಿಯದ ಬೂಟುಗಳು ಬೇಕೇ ಬೇಕು. ವಿಲಾಸ್ಟನ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ನೋಡುವುದಷ್ಟೇ ಸಾಲದೆಂದರೆ ಸ್ಪರ್ಧೆಗೆ ಹೆಸರು ಕೊಡಿ.