ಅಬ್ರಹಾಮ ಬಿಟ್ಟು ಹೊರಟ ಪಟ್ಟಣಕ್ಕೆ ಹೋಗುವುದಾದರೆ

ನಮ್ಮ ಸಭೆಗಳಲ್ಲಿ ಬೈಬಲ್ ನಾಡಿನ ಪ್ರವಾಸ ಅಂದರೆ ಜೆರುಸಲೇಮ್, ಬೆತ್ಲೆಹೇಮ್, ಗಲಿಲಾಯ. ರಜೆ ಜಾಸ್ತಿ ಇದ್ದರೆ ಈಜಿಪ್ಟ್, ಜೋರ್ಡಾನ್. ಅಬ್ರಹಾಮನ ಕಥೆ ಶುರುವಾಗುವ ದಕ್ಷಿಣ ಇರಾಕಿಗೆ ಹೋಗುವವರು ತೀರಾ ಕಮ್ಮಿ. ಅಬ್ರಹಾಮನ ಪಟ್ಟಣ ಅಂತ ಹೇಳುವ ಊರ್, ಅದೇ ನಾಡಿನ ಹಳೆಯ ಪಟ್ಟಣಗಳಾದ ಎರಿದು, ಉರುಕ್ ಮತ್ತು ಬಾಗ್ದಾದಿನ ಮ್ಯೂಸಿಯಂ ನಾನು ನೋಡಿ ಬಂದೆ. ಹೋಗುವ ಮನಸ್ಸಿದ್ದು ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಬೈಬಲ್ ನಿಜ ಅಂತ ತೋರಿಸುವ ಸಾಕ್ಷಿ ಹುಡುಕಿಕೊಂಡು ಅಲ್ಲಿಗೆ ಹೋಗಬೇಡಿ. ಅಬ್ರಹಾಮನ ಹೆಸರಿರುವ ಒಂದು ಇಟ್ಟಿಗೆಯೂ ಅಲ್ಲಿ ಸಿಕ್ಕಿಲ್ಲ. ಅವನು ಎಂಥ ಪಟ್ಟಣ ಬಿಟ್ಟು ಎದ್ದು ಹೊರಟ ಅನ್ನುವುದನ್ನು ನೋಡಲು ಹೋಗಿ. ಅದನ್ನು ಕಣ್ಣಾರೆ ಕಂಡ ಮೇಲೆ, ದೇವರ ಕರೆ ಕೇಳಿ ಅವನು ಹೊರಡುವ ಆದಿಕಾಂಡದ 12ನೇ ಅಧ್ಯಾಯ ಓದುವ ರೀತಿಯೇ ಬದಲಾಗುತ್ತದೆ.

ಕಾಗದಪತ್ರದ ವಿಷಯ. ಇರಾಕಿಗೆ ಈಗ ಆನ್‌ಲೈನ್ ವೀಸಾ ಇದೆ. ಆದರೆ ನಿಯಮಗಳು ಆಗಾಗ ಬದಲಾಗುತ್ತವೆ. ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆಯನ್ನೂ ನೋಡಿ, ಆಮೇಲೆ ಟಿಕೆಟ್ ಮಾಡಿ. ಉತ್ತರದ ಕುರ್ದಿಸ್ತಾನದವರು ಕೊಡುವ ವೀಸಾ ಬಾಗ್ದಾದ್ ಮತ್ತು ದಕ್ಷಿಣಕ್ಕೆ ನಡೆಯುವುದಿಲ್ಲ. ಜೆರುಸಲೇಮ್ ಪ್ರವಾಸ ಮಾಡಿದವರು ಇನ್ನೊಂದು ನೋಡಿಕೊಳ್ಳಬೇಕು, ಇಸ್ರೇಲಿಗೆ ಹೋದ ಗುರುತು ಕಂಡರೆ ಇರಾಕಿನಲ್ಲಿ ತೊಂದರೆಯಾಗಬಹುದು. ಇಸ್ರೇಲ್ ಈಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತದೆ ಬಿಡಿ ಚೀಟಿ ಕೊಡುತ್ತದೆ, ನಿಜ. ಆದರೆ ಜೋರ್ಡಾನ್ ಅಥವಾ ಈಜಿಪ್ಟಿನಿಂದ ಭೂಮಾರ್ಗವಾಗಿ ದಾಟಿದ್ದರೆ ಆ ಗಡಿಯ ಮುದ್ರೆಯೇ ಎಲ್ಲಾ ಹೇಳಿಬಿಡುತ್ತದೆ. ಅಂಥ ಮುದ್ರೆ ಇದ್ದರೆ ವೀಸಾಕ್ಕೆ ಮೊದಲೇ ವಿಚಾರಿಸಿ. ಹೀಬ್ರೂ ಅಕ್ಷರದ ಟೋಪಿ, ಕೀಚೈನ್ ಎಲ್ಲಾ ಮನೆಯಲ್ಲೇ ಇರಲಿ.

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ದಕ್ಷಿಣ ಇರಾಕಿನ ಬಿಸಿಲು 50 ಡಿಗ್ರಿ ಮುಟ್ಟುತ್ತದೆ. ಮರಳುಗಾಡಿನ ದಿಬ್ಬದ ಮೇಲೆ ನೆರಳು ಅನ್ನುವುದೇ ಇಲ್ಲ. ಕರ್ಬಲಾಕ್ಕೆ ಶಿಯಾ ಮುಸ್ಲಿಮರು ಹೋಗುವ ಅರ್ಬೈನ್ ಯಾತ್ರೆಯ ದಿನಗಳಲ್ಲಿ ಲಕ್ಷಾಂತರ ಜನ ರಸ್ತೆಯಲ್ಲಿರುತ್ತಾರೆ. ಆಗ ವಿಮಾನವೂ ಹೋಟೆಲೂ ಸಿಗುವುದು ಕಷ್ಟ. ಯಾತ್ರೆಯ ತಾರೀಕು ಪ್ರತಿವರ್ಷ ಸರಿಯುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ. ಬಾಗ್ದಾದಿನಿಂದ ಊರ್ ಹತ್ತಿರದ ನಸಿರಿಯಾಗೆ ರೈಲೂ ಇದೆ, ಟ್ಯಾಕ್ಸಿಯೂ ಇದೆ. ಬಸ್ರಾಗೆ ಇಳಿದರೆ ದಾರಿ ಇನ್ನೂ ಹತ್ತಿರ. ರಸ್ತೆಯಲ್ಲಿ ಚೆಕ್‌ಪೋಸ್ಟುಗಳು ತುಂಬ. ಪಾಸ್‌ಪೋರ್ಟ್, ವೀಸಾದ ಜೆರಾಕ್ಸ್ ಪ್ರತಿಗಳನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಕಾರ್ಡ್ ನಂಬಬೇಡಿ, ದಿನಾರ್ ನೋಟು ಬೇಕು. ಅರಬ್ಬಿ ಬಲ್ಲ ಸ್ಥಳೀಯ ಚಾಲಕ ಸಿಕ್ಕರೆ ಅರ್ಧ ಚಿಂತೆ ಕಳೆಯಿತು.

ದಕ್ಷಿಣಕ್ಕೆ ಹೊರಡುವ ಮುಂಚೆ ಬಾಗ್ದಾದಿನ ಇರಾಕ್ ಮ್ಯೂಸಿಯಂ ನೋಡಲೇಬೇಕು ಅನ್ನುತ್ತೇನೆ ನಾನು. ಅದನ್ನು ನೋಡದೆ ಹೋದರೆ ಉರುಕ್ ಬರೀ ಮಣ್ಣುಗುಡ್ಡೆಯಾಗಿ ಕಾಣುತ್ತದೆ. 2003ರ ಏಪ್ರಿಲಿನ ಲೂಟಿಯಲ್ಲಿ ಇಲ್ಲಿಂದ ಸುಮಾರು 15,000 ವಸ್ತುಗಳು ಹೋದವು. ಅದರಲ್ಲಿ ಉರುಕಿನ ವಾರ್ಕಾ ಹೂಜಿಯೂ ಒಂದು. ಎರಡು ತಿಂಗಳಲ್ಲಿ ಅದು ತುಂಡುಗಳಾಗಿ ವಾಪಸ್ ಬಂತು. ಐದು ಸಾವಿರ ವರ್ಷ ಹಳೆಯ ಕಲ್ಲಿನ ಹೂಜಿ ಅದು. ಕೆಳಗಿನ ಸಾಲಿನಲ್ಲಿ ನೀರು, ಪೈರು. ಅದರ ಮೇಲೆ ಕುರಿಗಳು. ಅದರ ಮೇಲೆ ಬುಟ್ಟಿ ಹೊತ್ತ ಗಂಡಸರು. ತುದಿಯಲ್ಲಿ ಇನಾನ್ನಾ ದೇವಿಯ ಗುಡಿಗೆ ಕಾಣಿಕೆ. ಮಣ್ಣಿನ ಫಲಕಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ. ಮನುಷ್ಯ ಬರೆಯಲು ಕಲಿತ ಮೊದಮೊದಲ ಜಾಗಗಳಲ್ಲಿ ಈ ನಾಡೂ ಒಂದು, ಕ್ರಿ.ಪೂ. 3300ರ ಆಸುಪಾಸಿನಲ್ಲಿ. ಮೊದಲು ಬರೆದದ್ದು ಹಾಡೂ ಅಲ್ಲ, ಪ್ರಾರ್ಥನೆಯೂ ಅಲ್ಲ. ಬಾರ್ಲಿ ಎಷ್ಟು, ಕುರಿ ಎಷ್ಟು ಅನ್ನುವ ಲೆಕ್ಕ! ದೇವರ ವಾಕ್ಯ ನಮ್ಮ ಕೈಗೆ ಬರಹವಾಗಿ ಬಂದದ್ದರ ಹಿಂದೆ ಹೀಗೆ ಲೆಕ್ಕ ಬರೆದ ಗುಮಾಸ್ತರೂ ಇದ್ದಾರೆ. ಅವರಿಗಾಗಿ ನಾನು ಅಲ್ಲಿಯೇ ದೇವರಿಗೆ ಸ್ತೋತ್ರ ಹೇಳಿದೆ.

ಊರ್ ಪಟ್ಟಣದ ಅವಶೇಷ ನಸಿರಿಯಾದಿಂದ ಸುಮಾರು 16 ಕಿಲೋಮೀಟರ್. ಬೆಳಿಗ್ಗೆ ಬೇಗ ಹೋಗಿ. ದೂರದಿಂದಲೇ ಕಾಣುವುದು ನನ್ನಾ ಅನ್ನುವ ಚಂದ್ರದೇವನಿಗೆ ಕಟ್ಟಿದ ಜಿಗುರಾಟ್, ಅಂದರೆ ಮೆಟ್ಟಿಲುಮೆಟ್ಟಿಲಾಗಿ ಏರುವ ಗೋಪುರ. ಕ್ರಿ.ಪೂ. 21ನೇ ಶತಮಾನದಲ್ಲಿ ರಾಜ ಉರ್-ನಮ್ಮು ಶುರು ಮಾಡಿದ, ಮಗ ಶುಲ್ಗಿ ಮುಗಿಸಿದ. ಮುಂಭಾಗ ಮತ್ತು ಮೆಟ್ಟಿಲು ಸದ್ದಾಂ ಕಾಲದಲ್ಲಿ ಹೊಸದಾಗಿ ಕಟ್ಟಿದ್ದು. ಹಳೆಯದನ್ನು ನೋಡಬೇಕಾದರೆ ಪಕ್ಕಕ್ಕೆ, ಹಿಂದಕ್ಕೆ ಸುತ್ತಿ ಬನ್ನಿ. ಇಟ್ಟಿಗೆ ಸಾಲುಗಳ ನಡುವೆ ಕಪ್ಪು ಕಲ್ಲರಗು, ಅಂದರೆ ಡಾಂಬರಿನಂಥ ಅಂಟು, ಇನ್ನೂ ಅಂಟಿಕೊಂಡಿದೆ. ಕೆಲವು ಕಡೆ ಅದು ಹೊರಗೆ ಉಬ್ಬಿ ಗಟ್ಟಿಯಾಗಿದೆ. ಗೋಡೆಯಲ್ಲಿ ಸಾಲಾಗಿ ಕಿರಿದಾದ ಸೀಳುಗಳಿವೆ. ಒಳಗಿನ ಹಸಿ ಇಟ್ಟಿಗೆಯ ತೇವ ಆರಲಿ ಅಂತ ಅವರು ಬಿಟ್ಟ ಕಂಡಿಗಳು. ಕಲ್ಲಿನ ಬದಲು ಇಟ್ಟಿಗೆ, ಸುಣ್ಣದ ಬದಲು ಕಲ್ಲರಗು ಅಂತ ಆದಿಕಾಂಡ 11ರಲ್ಲಿ ಓದುತ್ತೇವಲ್ಲ, ಅದನ್ನು ಬರೆದವನಿಗೆ ಈ ನಾಡಿನ ಕಟ್ಟಡ ಕೆಲಸ ಚೆನ್ನಾಗಿ ಗೊತ್ತಿತ್ತು.

ಹತ್ತಿರದಲ್ಲಿ ‘ಅಬ್ರಹಾಮನ ಮನೆ’ ಅಂತ ಒಂದನ್ನು ತೋರಿಸುತ್ತಾರೆ. ಹಳೆಯ ಮನೆಗಳ ತಳಪಾಯದ ಮೇಲೆ ಇತ್ತೀಚೆಗೆ ಎಬ್ಬಿಸಿದ ಗೋಡೆಗಳು ಅವು. ಅಬ್ರಹಾಮ ಅಲ್ಲಿದ್ದ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಅವನ ಊರು ಉತ್ತರದಲ್ಲಿ, ಹಾರಾನಿನ ಸಮೀಪ ಇತ್ತು ಅನ್ನುವ ವಿದ್ವಾಂಸರೂ ಇದ್ದಾರೆ. ಆದರೂ ಆ ಮನೆಗಳನ್ನು ನೋಡಿ. ಮಧ್ಯದಲ್ಲಿ ಅಂಗಳ, ಸುತ್ತ ಕೋಣೆಗಳು. ನೆಮ್ಮದಿಯಾಗಿ ಬದುಕುತ್ತಿದ್ದ ಪಟ್ಟಣಿಗರ ಮನೆ ಹೀಗಿತ್ತು. ಭಾನುವಾರ ಶಾಲೆಯ ಚಿತ್ರಗಳಲ್ಲಿ ನಮಗೆ ಅಬ್ರಹಾಮ ಅಂದರೆ ಗುಡಾರ ಮಾತ್ರ. ಅವನಿಗೆ ಕರೆ ಬಂದಾಗ ಬಿಡಲು ಬಹಳಷ್ಟಿತ್ತು ಅನ್ನುವುದು ಈ ಗಲ್ಲಿಗಳಲ್ಲಿ ನಡೆದಾಗ ತಿಳಿಯುತ್ತದೆ.

ಆ ಜನರನ್ನು ಬರೀ ವಿಗ್ರಹಾರಾಧಕರು ಅಂತ ತಳ್ಳಿಹಾಕುವುದೂ ತಪ್ಪು. ಅಬ್ರಹಾಮನ ತಂದೆ ತೆರಹನು ಬೇರೆ ದೇವರುಗಳನ್ನು ಸೇವಿಸುತ್ತಿದ್ದ ಅಂತ ಯೆಹೋಶುವ 24:2 ಹೇಳುತ್ತದೆ, ಸರಿ. ಆದರೆ ಉರ್-ನಮ್ಮು ಹೆಸರಿನ ಕಾನೂನುಗಳ ಮುನ್ನುಡಿ ಓದಿ. ಅನಾಥನನ್ನು ಶ್ರೀಮಂತನ ಕೈಗೆ, ವಿಧವೆಯನ್ನು ಬಲಶಾಲಿಯ ಕೈಗೆ ಕೊಡಲಿಲ್ಲ ಅಂತ ರಾಜ ಹೇಳಿಕೊಳ್ಳುತ್ತಾನೆ. ಕಾನೂನಿಗೆ ಹೆಸರಾದ ಬಾಬಿಲೋನಿನ ರಾಜ ಹಮ್ಮುರಾಬಿಗಿಂತ ಸುಮಾರು 300 ವರ್ಷ ಹಿಂದಿನ ಮಾತು ಇದು. ವಿಧವೆಯರ, ಅನಾಥರ ಕೂಗು ಮುಖ್ಯ ಅನ್ನುವ ಅರಿವನ್ನು ದೇವರು ಸೀನಾಯಿ ಬೆಟ್ಟದಲ್ಲಿ ಮೋಶೆಗೆ ಆಜ್ಞೆ ಕೊಡುವುದಕ್ಕಿಂತ ಎಷ್ಟೋ ಮುಂಚೆ ಈ ಜನರ ಮನಸ್ಸಿನಲ್ಲೂ ಬಿತ್ತಿದ್ದ ಅಂತ ನಾನು ನಂಬುತ್ತೇನೆ.

ಜಿಗುರಾಟ್ ಹತ್ತಿ ಇಳಿದು ಅಲ್ಲಿಂದಲೇ ಹೊರಟುಬಿಡುವವರು ಜಾಸ್ತಿ. ಹಾಗೆ ಮಾಡಬೇಡಿ. ರಾಜರ ಸ್ಮಶಾನಕ್ಕೆ ಹೋಗಿ. ಬ್ರಿಟಿಷ್ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಅಗೆದ ಜಾಗ. ಅಲ್ಲಿನ ಒಂದು ಹೊಂಡದಲ್ಲಿ 74 ಜನರ ದೇಹಗಳು ಸಾಲಾಗಿ ಸಿಕ್ಕವು. 68 ಮಂದಿ ಹೆಂಗಸರು, ತಲೆಗೆ ಚಿನ್ನ ಬೆಳ್ಳಿಯ ಆಭರಣ. ಒಡೆಯ ಸತ್ತಾಗ ಜೊತೆಗೆ ಕಳುಹಿಸಿದ ಪರಿವಾರ. ವಿಷ ಕುಡಿದು ಶಾಂತವಾಗಿ ಸತ್ತರು ಅಂತ ವೂಲಿ ಊಹಿಸಿದ್ದರು. ಈ ಸ್ಮಶಾನದ ಎರಡು ತಲೆಬುರುಡೆಗಳನ್ನು ಆಮೇಲೆ ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂನವರು ಸ್ಕ್ಯಾನ್ ಮಾಡಿಸಿದಾಗ ಚೂಪಾದ ಆಯುಧದಿಂದ ತಲೆಗೆ ಹೊಡೆದ ಗುರುತು ಕಂಡಿತು. ರಾಣಿ ಪುಅಬಿಯ ಸಮಾಧಿಯೂ ಇಲ್ಲೇ ಸಿಕ್ಕಿದ್ದು. ಈ ಸಮಾಧಿಗಳ ಕೆಂಪು ಕಾರ್ನೀಲಿಯನ್ ಮಣಿಗಳಲ್ಲಿ ಕೆಲವು ನಮ್ಮ ಸಿಂಧೂ ನಾಗರಿಕತೆಯ ಕೈಕೆಲಸ. ಅಷ್ಟು ದೂರದಿಂದ ಹಡಗಿನಲ್ಲಿ ಬಂದ ಮಣಿ, ಮಣ್ಣಿಗೆ ಹೋಯಿತು.

ಆ ಹೊಂಡದ ಅಂಚಿನಲ್ಲಿ ಮಾರ್ಕ 10:45 ಓದಿ. ನಮ್ಮ ಗುಂಪಿನ ಹಿರಿಯರೊಬ್ಬರು ಜೋರಾಗಿ ಓದಿದರು. ಮನುಷ್ಯಕುಮಾರನು ಸೇವೆ ಮಾಡಿಸಿಕೊಳ್ಳಲು ಬರಲಿಲ್ಲ, ಸೇವೆ ಮಾಡುವುದಕ್ಕೂ ಅನೇಕರಿಗಾಗಿ ಪ್ರಾಣ ಕೊಡುವುದಕ್ಕೂ ಬಂದನು. ರಾಜನಿಗಾಗಿ ದಾಸಿಯರು ಸತ್ತ ಜಾಗದಲ್ಲಿ, ದಾಸರಿಗಾಗಿ ಸತ್ತ ರಾಜನ ಮಾತು. ಅದಕ್ಕೆ ಯಾರೂ ವಿವರಣೆ ಕೇಳಲಿಲ್ಲ. ಈ ನಾಡಿನ ಹಳೆಯ ಜನರಾದ ಸುಮೇರಿಯನ್ನರ ಒಂದು ಸೃಷ್ಟಿಕಥೆಯಲ್ಲಿ ದೇವರುಗಳೇ ದುಡಿದು ಸುಸ್ತಾಗಿ, ತಮ್ಮ ಕೆಲಸ ಹೊರಲು ಮಣ್ಣಿನಿಂದ ಮನುಷ್ಯನನ್ನು ಮಾಡಿಸುತ್ತಾರೆ. ಆದಿಕಾಂಡದಲ್ಲಿ ಮನುಷ್ಯ ದೇವರ ಸ್ವರೂಪ, ಮುಂದೆ ವಿಮೋಚನಕಾಂಡದಲ್ಲಿ ಅವನಿಗೂ ಅವನ ಆಳಿಗೂ ಎತ್ತಿಗೂ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಇದೆ. ಈ ಎರಡು ಕಥೆಗಳ ಅಂತರ ಅಲ್ಲಿ ನಿಂತಾಗ ನನ್ನ ಮನಸ್ಸಿಗೆ ನಾಟಿತು. ಅಬ್ರಹಾಮ ಹೊರಟದ್ದು ಯಾಕೆ ದೊಡ್ಡದು ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರವೂ ಅದೇ.

ಎರಿದು ಊರ್‌ನಿಂದ ಹೆಚ್ಚು ದೂರವಿಲ್ಲ, ಆದರೆ ದಾರಿ ಕಚ್ಚಾ. ಮಳೆ ಬಂದರೆ ಮಣ್ಣಿನಲ್ಲಿ ಗಾಡಿ ಹೂತುಹೋಗುತ್ತದೆ. ನೋಡಲು ತಗ್ಗಾದ ದಿಬ್ಬ ಅಷ್ಟೇ. ರಾಜತ್ವ ಸ್ವರ್ಗದಿಂದ ಮೊದಲು ಇಳಿದದ್ದು ಇಲ್ಲಿಗೇ ಅಂತ ಸುಮೇರಿಯನ್ನರು ನಂಬಿದ್ದರು. ನೆಲದ ಮೇಲೆ ಎಲ್ಲೆಲ್ಲೂ ಮಡಕೆ ಚೂರು. ಒಂದನ್ನೂ ಎತ್ತಿಕೊಳ್ಳಬೇಡಿ, ಮಕ್ಕಳಿಗೂ ಹೇಳಿ. 2022ರಲ್ಲಿ ಇಲ್ಲಿಂದ ಚೂರು ತೆಗೆದುಕೊಂಡ ಒಬ್ಬ ಬ್ರಿಟಿಷ್ ಪ್ರವಾಸಿಗೆ ಬಾಗ್ದಾದಿನ ಕೋರ್ಟ್ 15 ವರ್ಷ ಜೈಲು ವಿಧಿಸಿತ್ತು. ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿ ಬಿಟ್ಟಿತು ಅನ್ನಿ. ಆದರೂ ಆ ಸಂಕಟ ಯಾರಿಗೆ ಬೇಕು?

ಉರುಕ್ ಅಂದರೆ ಆದಿಕಾಂಡ 10:10ರ ಯೆರೆಕ್. ಸಮಾವಾ ಪಟ್ಟಣದ ಕಡೆಯಿಂದ ಹೋಗುವುದು ಸುಲಭ. ಇಡೀ ಜಾಗ ನಡೆಯಲು ದೊಡ್ಡದು, ಗಟ್ಟಿ ಶೂ ಮತ್ತು ಸಾಕಷ್ಟು ನೀರು ಬೇಕು. ಕೆಲವು ಕಡೆ ನೆಲದ ಮೇಲೆ ಉಪ್ಪು ಬೆಳ್ಳಗೆ ಹರಡಿದೆ. ಕಾಲುವೆ ನೀರು ಹಾಯಿಸಿ ಹಾಯಿಸಿ, ನೀರು ಆವಿಯಾಗಿ, ಉಪ್ಪು ಮಣ್ಣಿನಲ್ಲೇ ಉಳಿಯಿತು. ಗೋಧಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬರಬರುತ್ತಾ ಬಾರ್ಲಿ ಮಾತ್ರ ಬಂತು. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಜವುಳು ಹಿಡಿದ ಗದ್ದೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಲಪ್ರಳಯದ ಬಗ್ಗೆ ಗೈಡ್‌ಗಳು ಉತ್ಸಾಹದಿಂದ ಹೇಳುತ್ತಾರೆ. ವೂಲಿ ಊರ್‌ನಲ್ಲಿ ದಪ್ಪ ಮೆಕ್ಕಲು ಪದರ ಕಂಡು ನೋಹನ ಪ್ರಳಯ ಸಿಕ್ಕಿತು ಅಂದುಕೊಂಡಿದ್ದರು. ಬೇರೆ ಪಟ್ಟಣಗಳ ಪದರಗಳ ಕಾಲ ಅದಕ್ಕೆ ಹೊಂದಲಿಲ್ಲ. ಸುಮೇರಿಯನ್ನರಲ್ಲೂ ದೋಣಿ ಹತ್ತಿ ಉಳಿದ ಜಿಉಸುದ್ರನ ಕಥೆ ಇದೆ. ಇದನ್ನು ಕೇಳಿ ನಂಬಿಕೆ ಅಲುಗಬೇಕಾದ್ದೇನೂ ಇಲ್ಲ, ಗೈಡ್ ಜೊತೆ ವಾದಕ್ಕೂ ಇಳಿಯಬೇಡಿ.

ಒಂದು ದಿನ ಉಳಿದರೆ ಚಿಬಾಯಿಷ್ ಜೌಗು ಪ್ರದೇಶಕ್ಕೆ ಹೋಗಿ. ಜೊಂಡಿನಿಂದ ಕಟ್ಟಿದ ಅತಿಥಿ ಮನೆ, ಎಮ್ಮೆಗಳು, ಬೆಳಗಿನ ತಿಂಡಿಗೆ ಎಮ್ಮೆ ಹಾಲಿನ ಕೆನೆ. ಐದು ಸಾವಿರ ವರ್ಷ ಹಿಂದಿನ ಕೆತ್ತನೆಗಳಲ್ಲೂ ಇಂಥ ಜೊಂಡಿನ ಮನೆಗಳೇ ಇವೆ. 1990ರ ದಶಕದಲ್ಲಿ ಈ ನೀರನ್ನು ಬೇಕೆಂದೇ ಬತ್ತಿಸಿದರು, 2003ರ ನಂತರ ಮತ್ತೆ ತುಂಬಿತು. ಈಗ ಬರಗಾಲದಿಂದ ಕುಗ್ಗುತ್ತಿದೆ. ನೀರಿದೆಯಾ ಅಂತ ವಿಚಾರಿಸಿಯೇ ಹೊರಡಿ.

ವಾಪಸ್ ಬರುವಾಗ ಬಾಗ್ದಾದಿನಲ್ಲಿ ಒಂದು ಆರಾಧನೆಗೆ ಸಮಯ ಇಟ್ಟುಕೊಳ್ಳಿ. 2003ಕ್ಕೆ ಮುಂಚೆ ಇರಾಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕ್ರೈಸ್ತರಿದ್ದರು. ಈಗ ಉಳಿದವರು ಅದರಲ್ಲಿ ಸಣ್ಣ ಪಾಲು. ಬಾಗ್ದಾದಿನ ಕರ್ರಾದಾ ಬಡಾವಣೆಯ ರಕ್ಷಣಾ ಮಾತೆಯ ಚರ್ಚಿನಲ್ಲಿ 2010ರ ಅಕ್ಟೋಬರ್ 31ರಂದು ಪೂಜೆ ನಡೆಯುವಾಗಲೇ ನುಗ್ಗಿದ ಉಗ್ರರ ದಾಳಿಯಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. 2021ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಮೊದಲು ಆ ಚರ್ಚಿಗೆ, ಮಾರನೆಯ ದಿನ ಊರ್‌ಗೆ ಹೋದರು. ಊರ್‌ನಲ್ಲಿ ಮುಸ್ಲಿಮರು, ಕ್ರೈಸ್ತರು, ಇರಾಕಿನ ಹಳೆಯ ಸಣ್ಣ ಧರ್ಮಗಳವರಾದ ಯಜೀದಿಗಳು, ಮಂದಾಯಿಗಳು ಒಟ್ಟಿಗೆ ಕೂತರು. ಬೆಳ್ತಂಗಡಿ ಕಡೆಯ ಸಿರೋ ಮಲಬಾರ್ ಸಭೆಯವರಿಗೆ ಇರಾಕಿನ ಕಲ್ದಾಯ ಕ್ಯಾಥೊಲಿಕ್ ಚರ್ಚಿನ ಪೂಜೆ ಅಷ್ಟೇನೂ ಹೊಸದೆನಿಸುವುದಿಲ್ಲ, ಎರಡೂ ಒಂದೇ ಪೂರ್ವ ಸಿರಿಯಾಕ್ ಪರಂಪರೆಯವು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಕೆಲಸದ ದಿನವಾದ್ದರಿಂದ ಪೂಜೆಯ ಹೊತ್ತನ್ನು ಹೋಟೆಲಿನಲ್ಲಿ ಕೇಳದೆ ಚರ್ಚಿನವರನ್ನೇ ಕೇಳಿ. ಗೇಟಿನಲ್ಲಿ ತಪಾಸಣೆ ಇರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ, ದೊಡ್ಡ ಬ್ಯಾಗ್ ಬೇಡ. ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಪೂಜೆ ಮುಗಿದ ಮೇಲೆ ತಕ್ಷಣ ಹೊರಡಬೇಡಿ, ಚಹಾಕ್ಕೆ ಕರೆದರೆ ಕೂತು ಕುಡಿಯಿರಿ.