ಗಿರವಿಗೆ ಹೋದ ಲಾಕೆಟ್

ಜೋಡಿ ಪಿಕೋ ಅವರ ‘ಮೈ ಸಿಸ್ಟರ್ಸ್ ಕೀಪರ್’ (2004) ಕಾದಂಬರಿಯನ್ನು ನಿನ್ನೆ ರಾತ್ರಿ ಓದಿ ಮುಗಿಸಿದೆ. ರಕ್ತದ ಕ್ಯಾನ್ಸರಿನಿಂದ ನರಳುತ್ತಿರುವ ಅಕ್ಕ ಕೇಟ್‌ಳ ದೇಹಕ್ಕೆ ಹೊಂದಲೆಂದು ಭ್ರೂಣವಾಗಿದ್ದಾಗಲೇ ಆಯ್ದು ಹೆತ್ತ ಮಗಳು ಆ್ಯನಾ, ಹೊಕ್ಕುಳಬಳ್ಳಿಯ ರಕ್ತದಿಂದ ಅಸ್ಥಿಮಜ್ಜೆಯವರೆಗೆ ಕೊಡುತ್ತಲೇ ಬಂದವಳು, 13ನೆಯ ವಯಸ್ಸಿನಲ್ಲಿ ಮೂತ್ರಪಿಂಡದ ಸರದಿ ಬಂದಾಗ ಹೆತ್ತವರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರುತ್ತಾಳೆ. ವಕೀಲರ ಖರ್ಚಿಗೆಂದು ಅವಳು ಗಿರವಿ ಅಂಗಡಿಗೆ ಒಯ್ಯುವುದು, ಮಜ್ಜೆ ಕೊಟ್ಟ ದಿನ ಅಪ್ಪ ಉಡುಗೊರೆಯಾಗಿ ಕೊಟ್ಟಿದ್ದ ಲಾಕೆಟ್ಟನ್ನು. ಆ ಪುಟದಲ್ಲಿ ನಾನು ಬಹಳ ಹೊತ್ತು ನಿಂತೆ.

ಚಿಕ್ಕ ಮಕ್ಕಳ ಚಿಕಿತ್ಸೆಗೆ ಹೆತ್ತವರು ಸಹಿ ಹಾಕುವುದು ಆ ಮಗುವಿನ ಹಿತಕ್ಕಾಗಿ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ಪಡೆಯುವವಳೂ ಕೊಡುವವಳೂ ಒಂದೇ ತಾಯಿಯ ಮಕ್ಕಳಾದಾಗ ಆ ಸಹಿ ಯಾರ ಪರವಾಗಿ ಬೀಳುತ್ತದೆ? ಹಿಂದೆ ವಕೀಲೆಯಾಗಿದ್ದ ತಾಯಿ ಸಾರಾ ತನ್ನ ವಾದವನ್ನು ತಾನೇ ಮಂಡಿಸುತ್ತಾಳೆ, ಮತ್ತು ಅವಳನ್ನು ಕಟುಕಳೆಂದು ತಳ್ಳಿಹಾಕಲು ನನ್ನಿಂದಾಗಲಿಲ್ಲ. ಇದು ಬರಿಯ ಕಲ್ಪನೆಯೂ ಅಲ್ಲ: ಅಕ್ಕನಿಗೆ ಹೊಂದುವಂತೆ ಆಯ್ದ ಭ್ರೂಣದಿಂದ ಅಮೆರಿಕದಲ್ಲಿ 2000ದಲ್ಲೇ ಒಂದು ಮಗು ಹುಟ್ಟಿತ್ತು. ಅಲ್ಲಿ ಬಳಸಿದ್ದು ಹೊಕ್ಕುಳಬಳ್ಳಿಯ ರಕ್ತ, ಮಗುವಿಗೆ ನೋವಿಲ್ಲದ ದಾನ. ಕಾದಂಬರಿ ಕೇಳುವುದು ಅದರ ನಂತರದ ಮೆಟ್ಟಿಲುಗಳ ಬಗ್ಗೆ.

ಮುಕ್ತಾಯವನ್ನು ಬಿಟ್ಟುಕೊಡುವುದಿಲ್ಲ. ಇಷ್ಟು ಜತನದಿಂದ ಕಟ್ಟಿದ ಪ್ರಶ್ನೆಯನ್ನು ಲೇಖಕಿ ಕೊನೆಗೆ ವಿಧಿಯ ಕೈಗೆ ಒಪ್ಪಿಸಿದ್ದು ಮಾತ್ರ ನನಗೆ ಹಿಡಿಸಲಿಲ್ಲ. 2009ರ ಸಿನಿಮಾ ಆ ಮುಕ್ತಾಯವನ್ನೇ ಬದಲಿಸಿತು.