ಕ್ಯಾಟಲಿಸ್ಟಿನ ಮೈಮೇಲಿದ್ದ ರಂಜಕ ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ

ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಲ್ಯಾಬಿನಲ್ಲಿ ಔಷಧಿಗಳ ಇಂಟರ್‌ಮೀಡಿಯೇಟ್, ಅಂದರೆ ಔಷಧಿಯಾಗುವ ಮುಂಚಿನ ಹಂತದ ರಾಸಾಯನಿಕ, ಮಾಡುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ಈಗ ಹೇಳುತ್ತಿರುವ ತಪ್ಪು ನಡೆದದ್ದು ಹೊಸತರಲ್ಲಲ್ಲ, ಒಂಬತ್ತನೇ ವರ್ಷದಲ್ಲಿ.

ಅವತ್ತು ಹಾಕಿದ್ದು ಸುಜುಕಿ ಕಪ್ಲಿಂಗ್, ಪಲ್ಲಾಡಿಯಂ ಲೋಹದ ನೆರವಿನಿಂದ ಎರಡು ಅಣುಗಳ ತುಂಡುಗಳನ್ನು ಜೋಡಿಸುವ ರಿಯಾಕ್ಷನ್. ನಮ್ಮ ಸ್ಟಾರ್ಟಿಂಗ್ ಮೆಟೀರಿಯಲ್‌ನ ಒಂದು ತುದಿಯಲ್ಲಿ ಬ್ರೋಮಿನ್, ಇನ್ನೊಂದು ತುದಿಯಲ್ಲಿ ಅಝೈಡ್, ಅಂದರೆ ಸಾಲಾಗಿ ಮೂರು ಸಾರಜನಕ. ಬ್ರೋಮಿನ್ ಇದ್ದ ಕಡೆ ಹೊಸ ತುಂಡು ಕೂರಬೇಕು, ಅಝೈಡ್ ಮುಟ್ಟಿದ ಹಾಗೂ ಆಗಬಾರದು. ಕ್ಯಾಟಲಿಸ್ಟ್ (ರಿಯಾಕ್ಷನ್‌ಗೆ ವೇಗ ಕೊಡುವ ವಸ್ತು) ಟೆಟ್ರಕಿಸ್: ನಡುವೆ ಒಂದು ಪಲ್ಲಾಡಿಯಂ, ಸುತ್ತ ನಾಲ್ಕು ಟ್ರೈಫಿನೈಲ್‌ಫಾಸ್ಫೀನ್, ಒಂದೊಂದರಲ್ಲೂ ಒಂದು ರಂಜಕ (ಫಾಸ್ಫರಸ್). ಫ್ರಿಜ್ಜಿನಿಂದ ತೆಗೆದ ತಕ್ಷಣ ಅದರ ನಿಂಬೆ ಹಳದಿ ಕಂದಿದೆಯಾ ಅಂತ ನೋಡುವುದು ನಮ್ಮ ರೂಢಿ. ಬಣ್ಣ ಚೊಕ್ಕವಾಗಿತ್ತು.

0.1 ಮೋಲ್ ಸ್ಕೇಲ್, ಕ್ಯಾಟಲಿಸ್ಟ್ 5 ಮೋಲ್ ಪರ್ಸೆಂಟ್ (ನೂರು ಅಣುವಿಗೆ ಐದು), ತೂಕ 5.8 ಗ್ರಾಂ. ಡೀಗ್ಯಾಸ್ ಮಾಡಿ (ಒಳಗಿನ ಆಮ್ಲಜನಕ ತೆಗೆದು), ನೈಟ್ರೋಜನ್ ಲೈನ್ ಮುಚ್ಚಿ, ಹೊರಬರುವ ಅನಿಲ ಗುಳ್ಳೆಯಾಗಿ ಕಾಣುವ ಬಬ್ಲರ್‌ಗೆ ಮಾತ್ರ ದಾರಿ ಬಿಟ್ಟು 80 ಡಿಗ್ರಿಗೆ ಇಟ್ಟೆವು. ಜೊತೆಗಿದ್ದ ಟ್ರೈನಿ ಮುಳಬಾಗಿಲಿನ ಹುಡುಗಿ, ಎಂ.ಎಸ್ಸಿ. ಮುಗಿಸಿ ಆರು ತಿಂಗಳಾಗಿತ್ತು.

"ಮೇಡಂ, ಬಬ್ಲರ್‌ನಲ್ಲಿ ಇನ್ನೂ ಗುಳ್ಳೆ ಬರ್ತಾನೇ ಇದೆ."

"ಬಿಸಿಯಾದ್ರೆ ಒಳಗಿನ ಗಾಳಿ ಹಿಗ್ಗುತ್ತಲ್ಲಮ್ಮ."

"ಟೆಂಪರೇಚರ್ ಏರೋದು ನಿಂತು ಇಪ್ಪತ್ತು ನಿಮಿಷ ಆಯ್ತು ಮೇಡಂ."

ನಾನು ರಿಪೋರ್ಟ್ ಟೈಪ್ ಮಾಡುತ್ತಿದ್ದೆ. "ನೋಡೋಣ ಬಿಡು" ಅಂದೆ. ಎದ್ದು ಹೋಗಿ ನೋಡಲಿಲ್ಲ.

ಊಟ ಮುಗಿಸಿ ಬರುವಷ್ಟರಲ್ಲಿ ದ್ರಾವಣ ಕಪ್ಪಗಾಗಿ, ಫ್ಲಾಸ್ಕಿನ ಒಳಗೋಡೆಗೆ ಕಾಡಿಗೆ ಸವರಿದ ಹಾಗೆ ಪಲ್ಲಾಡಿಯಂ ಅಂಟಿಕೊಂಡಿತ್ತು. ಮಿಶ್ರಣವನ್ನು ಚುಕ್ಕೆಗಳಾಗಿ ಬಿಡಿಸಿ ತೋರಿಸುವ ಟಿಎಲ್‌ಸಿಯಲ್ಲಿ ಸ್ಟಾರ್ಟಿಂಗ್ ಮೆಟೀರಿಯಲ್ ಬೇಕಾದಷ್ಟು ಉಳಿದಿತ್ತು. ತಳದಲ್ಲಿ, ಅಮೀನ್ ಪತ್ತೆಗೆ ಬಳಸುವ ನಿನ್‌ಹೈಡ್ರಿನ್‌ಗೆ ಬಣ್ಣ ಕೊಡುವ ಹೊಸ ಸ್ಪಾಟ್. ನಾವು ಹಾಕಿಯೇ ಇರದ ಅಮೀನ್ ಎಲ್ಲಿಂದ ಬಂತು?

ಉತ್ತರ ಅಣುಗಳನ್ನು ಬೇರ್ಪಡಿಸಿ ತೂಕ ಅಳೆಯುವ ಎಲ್‌ಸಿಎಂಎಸ್‌ನಲ್ಲಿತ್ತು. ಸ್ಟಾರ್ಟಿಂಗ್ ಮೆಟೀರಿಯಲ್‌ಗಿಂತ 26 ಕಡಿಮೆ ಮಾಸ್‌ನ ಒಂದು ಪೀಕ್, 234 ಹೆಚ್ಚಿನದು ಇನ್ನೊಂದು, ಬೇರೆಯಾಗಿ 279. ಪೆನ್ನು ಹಿಡಿದು ಕೂತರೆ ಐದು ನಿಮಿಷದ ಲೆಕ್ಕ. ಅಝೈಡ್ ಹೋಗಿ ಅಮೀನ್ ಆದರೆ 26 ಇಳಿಯುತ್ತದೆ. 262ರ ಫಾಸ್ಫೀನ್ ಬಂದು ಕೂತು, 28ರ ನೈಟ್ರೋಜನ್ ಅನಿಲವಾಗಿ ಹೊರಟರೆ 234 ಏರುತ್ತದೆ. 279 ಟ್ರೈಫಿನೈಲ್‌ಫಾಸ್ಫೀನ್ ಆಕ್ಸೈಡಿನದು. 1919ರಲ್ಲಿ ಸ್ಟೌಡಿಂಗರ್ ಮತ್ತು ಮೇಯರ್ ವರದಿ ಮಾಡಿದ ರಿಯಾಕ್ಷನ್ ಇದು: ಫಾಸ್ಫೀನ್ ಅಝೈಡನ್ನು ಹಿಡಿಯುತ್ತದೆ, ನೈಟ್ರೋಜನ್ ಬಿಟ್ಟು ಇಮಿನೋಫಾಸ್ಫೊರೇನ್ ಆಗುತ್ತದೆ, ನೀರು ಸಿಕ್ಕಿದರೆ ಅದು ಒಡೆದು ಅಮೀನ್. ಎಂ.ಎಸ್ಸಿ.ಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಆ ಫಾಸ್ಫೀನ್ ಬಾಟಲಿಯಿಂದ ಬರದೆ ಪಲ್ಲಾಡಿಯಂನ ಮೈಮೇಲೆ ಕೂತು ಬಂದಾಗ ನನಗೆ ಗುರುತೇ ಸಿಗಲಿಲ್ಲ.

ಟೆಟ್ರಕಿಸ್‌ನ ಸ್ವಭಾವವೇ ಹಾಗೆ. ಪಲ್ಲಾಡಿಯಂ ಕೆಲಸಕ್ಕೆ ಇಳಿಯಬೇಕಾದರೆ ಒಂದೆರಡು ಫಾಸ್ಫೀನ್ ಕಳಚಿಕೊಂಡು ಜಾಗ ಬಿಡಬೇಕು. ಕಳಚಿಕೊಂಡದ್ದನ್ನು ಅಝೈಡ್ ನುಂಗುತ್ತಿದ್ದರೆ ಮತ್ತಷ್ಟು ಕಳಚಿಕೊಳ್ಳುತ್ತದೆ. ಕೊನೆಗೆ ಬರಿಮೈಯಾದ ಪಲ್ಲಾಡಿಯಂ ಪರಮಾಣುಗಳು ಒಂದಕ್ಕೊಂದು ಅಂಟಿ ಕಪ್ಪಾಗಿ ಇಳಿಯುತ್ತವೆ. ನಾವು ಲೆಕ್ಕ ಹಾಕಿದ್ದು ಲೋಹವನ್ನು ಮಾತ್ರ, 5 ಪರ್ಸೆಂಟ್. ರಂಜಕ ಅದರ ನಾಲ್ಕರಷ್ಟು. ನೂರು ಅಝೈಡ್‌ನಲ್ಲಿ ಇಪ್ಪತ್ತನ್ನು ಕೆಡಿಸುವಷ್ಟು ಫಾಸ್ಫೀನನ್ನು ನಾವೇ ತೂಗಿ ಹಾಕಿದ್ದೆವು. ಅದೆಲ್ಲ ಕೆಲಸ ಮಾಡಿದರೆ ಬರುವ ನೈಟ್ರೋಜನ್ ಸುಮಾರು ಅರ್ಧ ಲೀಟರ್. ಆ ಹುಡುಗಿ ಕಂಡ ಗುಳ್ಳೆ ಅದೇ. ಇದೇ ಬ್ಯಾಚನ್ನು ನೂರು ಪಟ್ಟು ದೊಡ್ಡದಾಗಿ, ಮುಚ್ಚಿದ ರಿಯಾಕ್ಟರಿನಲ್ಲಿ ಹಾಕಿದ್ದರೆ ಐವತ್ತು ಲೀಟರ್. ಅದನ್ನು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಹಾಗಂತ ಸಾರಜನಕ ಇದ್ದಲ್ಲೆಲ್ಲ ಫಾಸ್ಫೀನ್ ಕೆಡುತ್ತದೆ ಅಂತಲ್ಲ. ಅಣುವಿಗೆ ಅಮೀನ್ ಜೋಡಿಸುವ ಬುಕ್ವಾಲ್ಡ್–ಹಾರ್ಟ್‌ವಿಗ್ ಅಮಿನೇಶನ್ ನಡೆಯುವುದೇ ಫಾಸ್ಫೀನ್ ಹೊತ್ತ ಪಲ್ಲಾಡಿಯಂ ಮೇಲೆ ಅಮೀನ್ ಬಂದು ಕೂತು. ಅಲ್ಲಿ ಅಮೀನ್ ರಂಜಕದ ತಂಟೆಗೆ ಹೋಗುವುದಿಲ್ಲ, ಲೋಹದ ಜೊತೆಗೆ ವ್ಯವಹಾರ. ಅಝೈಡ್ ಹಾಗಲ್ಲ, ನೇರ ರಂಜಕಕ್ಕೇ ಬೀಳುತ್ತದೆ.

ನಮ್ಮಲ್ಲಿ ಎನ್‌ಎಂಆರ್ (ಅಣುವಿನಲ್ಲಿ ಪರಮಾಣು ಯಾವ ಸ್ಥಿತಿಯಲ್ಲಿದೆ ಅಂತ ತೋರಿಸುವ ಯಂತ್ರ) ಇಲ್ಲ. ಬೆಂಗಳೂರಿಗೆ ಸ್ಯಾಂಪಲ್ ಕಳಿಸಿ ರಂಜಕದ ಸ್ಪೆಕ್ಟ್ರಮ್ ತರಿಸಿದೆ. ಬಿಡಿ ಫಾಸ್ಫೀನ್ ಬರಬೇಕಾದ ಮೈನಸ್ 5ರ ಆಸುಪಾಸಿನಲ್ಲಿ ಏನೂ ಇಲ್ಲ, ಆಕ್ಸೈಡಿನ ಪೀಕ್ ಮಾತ್ರ 29ರ ಹತ್ತಿರ ನೆಟ್ಟಗೆ ನಿಂತಿತ್ತು. ಪ್ರಿಂಟ್ ತೆಗೆದು ಮೊದಲು ಅವಳ ಕೈಗೆ ಕೊಟ್ಟೆ. "ನೀನು ಹೇಳಿದ್ದೇ ಸರಿ ಕಣಮ್ಮ, ನಾನು ಎದ್ದು ಬರಬೇಕಿತ್ತು" ಅಂದೆ. ಅವಳು ಏನೂ ಹೇಳಲಿಲ್ಲ, ಹಾಳೆಯನ್ನು ನೋಟ್‌ಬುಕ್ಕಿಗೆ ಅಂಟಿಸಿದಳು.

ದಾರಿಯನ್ನೇ ತಿರುಗಿಸಿದೆವು. ಅಝೈಡ್ ಬರುವ ಜಾಗದಲ್ಲಿ ಆಲ್ಕೋಹಾಲ್ ಇಟ್ಟುಕೊಂಡು ಮೊದಲು ಕಪ್ಲಿಂಗ್, ಕೊನೆಯ ಸ್ಟೆಪ್‌ನಲ್ಲಿ ಅಝೈಡ್. (ಆ ಸ್ಟೆಪ್‌ಗೆ ಡೈಕ್ಲೋರೋಮೀಥೇನ್ ದ್ರಾವಕ ಬೇಡವೇ ಬೇಡ. ಸೋಡಿಯಂ ಅಝೈಡ್ ಜೊತೆ ಸೇರಿದರೆ ಸಿಡಿಯುವ ಡೈಅಝೈಡೋಮೀಥೇನ್ ಆಗಬಹುದು.) ಏನೇನು ಎಷ್ಟು ಹಾಕಬೇಕು ಅನ್ನುವ ಚಾರ್ಜ್ ಟೇಬಲ್‌ನಲ್ಲಿ ಕ್ಯಾಟಲಿಸ್ಟಿನ ಸಾಲಿನ ಕೆಳಗೆ ಈಗ ಇನ್ನೊಂದು ಸಾಲಿದೆ: ಫಾಸ್ಫೀನ್, 20 ಮಿಲಿಮೋಲ್.

ಹೊಸ ಬ್ಯಾಚ್ ಹಾಕಿದ ದಿನ ಇಬ್ಬರೂ ಬಬ್ಲರ್ ಮುಂದೆ ನಿಂತೆವು. ಬಿಸಿ ಏರುವಾಗ ಗುಳ್ಳೆ ಬಂತು, 80 ಮುಟ್ಟಿ ಸ್ವಲ್ಪ ಹೊತ್ತಿಗೆ ನಿಂತಿತು. ಸಂಜೆ ಕೋಲಾರದ ಬಸ್ಸಿಗೆ ಹೊರಡುವ ಮೊದಲು ಫ್ಲಾಸ್ಕಿಗೆ ಟಾರ್ಚ್ ಹಿಡಿದು ನೋಡಿದೆ. ಗೋಡೆಯ ಮೇಲೆ ಕಪ್ಪು ಇರಲಿಲ್ಲ.